ಶೇ 33 ಅಂದರೆ ಎಷ್ಟು ಬೆಂಕಿ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತಾರು ಜನ ಇದ್ದೇವೆ. ಬೆಳಿಗ್ಗೆ ಗುಲಾಬಿ ಹೂವು, ರಾತ್ರಿ ಚಂದ್ರ, ನಡುವೆ ಯಾರದ್ದಾದರೂ ಹುಟ್ಟುಹಬ್ಬ. ಇಷ್ಟೇ ನಮ್ಮ ಗುಂಪು. 2025ರ ಸಂಕ್ರಾಂತಿ ದಿನ ಮಾತ್ರ ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡುವುದು ಬಿಟ್ಟು ಬೆಳಿಗ್ಗೆಯಿಂದ ರಾತ್ರಿವರೆಗೆ ಕಿತ್ತಾಡಿದೆವು.

ಕಾರಣ ಅಮೆರಿಕದ ಲಾಸ್ ಏಂಜಲೀಸ್ ಕಡೆಯ ಕಾಡ್ಗಿಚ್ಚು. ಅಕ್ಕ, ಭಾವ ಇರುವುದು ಪಸಾಡೆನಾದಲ್ಲಿ, ಈ ಬೆಂಕಿಗೆ ಹೆಚ್ಚು ಸುಟ್ಟ ಅಲ್ಟಡೀನಾಕ್ಕೆ ಹತ್ತಿರ. ಜನವರಿ 7ರ ಸಂಜೆ ಈಟನ್ ಕಣಿವೆಯಲ್ಲಿ ಬೆಂಕಿ ಹತ್ತಿತು. ಆ ರಾತ್ರಿಯೇ ಅವರು ಮನೆ ಬಿಟ್ಟು ಅರ್ವೈನ್‌ನಲ್ಲಿ ಸ್ನೇಹಿತರ ಮನೆಗೆ ಹೋದರು. ನಾವೆಲ್ಲ ಇರುವುದು ತುಮಕೂರು ಸುತ್ತಮುತ್ತ.

ನನ್ನ ಫೋನಿನಲ್ಲಿ ಸೇವ್ ಆಗಿರುವ ಹೆಸರುಗಳನ್ನೇ ಇಲ್ಲಿ ಇಟ್ಟಿದ್ದೇನೆ. ನಮ್ಮಲ್ಲಿ ನೆಂಟರಿಗೆ ಹೆಸರಿಗಿಂತ ಊರೇ ಗುರುತು. ವಾಯ್ಸ್ ಮೆಸೇಜುಗಳನ್ನು ನಾನೇ ಕೇಳಿ ಬರೆದಿದ್ದೇನೆ, ಬೈಗುಳ ಸ್ವಲ್ಪ ಕಡಿಮೆ ಮಾಡಿ.

ಬೆಳಿಗ್ಗೆ 7:32

ಗುಬ್ಬಿ ಮಾವ: (ಬಹಳ ಸಲ ಫಾರ್ವರ್ಡ್ ಆಗಿದ್ದು) ಲಾಸ್ ಏಂಜಲೀಸ್ ಬೂದಿ!! ಈಟನ್ ಬೆಂಕಿ 14 ಸಾವಿರ ಎಕರೆ. ವಾರವಾದರೂ ಹತೋಟಿಗೆ ಬಂದಿದ್ದು ಶೇ 33 ಮಾತ್ರ. ಇನ್ನೂ ಶೇ 67 ಉರಿಯುತ್ತಿದೆ!! ಎಲ್ಲರಿಗೂ ಕಳಿಸಿ.

ಜೊತೆಗೊಂದು ಫೋಟೋ. ಬೆಟ್ಟದ ಮೇಲಿನ ಹಾಲಿವುಡ್ ಅಕ್ಷರಗಳು ಧಗಧಗ ಉರಿಯುತ್ತಿವೆ.

ಗುಬ್ಬಿ ಮಾವ: ನಾನು ಮೊದಲೇ ಹೇಳಿದ್ದೆ, ಟಿಕೆಟ್ ತೆಗೆದು ವಾಪಸ್ ಬರಲಿ ಅಂತ. ನನ್ನ ಮಾತು ಯಾರು ಕೇಳುತ್ತಾರೆ.

ಅಮ್ಮ: ಅಯ್ಯೋ ದೇವರೇ. ಪುಟ್ಟೀ ಎಲ್ಲಿದ್ದೀಯ? ಫೋನ್ ಎತ್ತು.

ಅಕ್ಕ: ಅಮ್ಮ, ಅರ್ವೈನ್‌ನಲ್ಲೇ ಇದ್ದೇವೆ. ನಿನ್ನೆಯೂ ಹೇಳಿದೆನಲ್ಲ. ಇಲ್ಲಿ ಇನ್ನೂ ಸೋಮವಾರ ಸಂಜೆ. ಚಪಾತಿ ಮಾಡುತ್ತಿದ್ದೇನೆ.

ನಾನು: ಮಾವ, ಆ ಫೋಟೋ ಸುಳ್ಳು. ಎಐನಲ್ಲಿ ಮಾಡಿದ್ದು. ಹಾಲಿವುಡ್ ಅಕ್ಷರಗಳಿಗೆ ಏನೂ ಆಗಿಲ್ಲ.

ಗುಬ್ಬಿ ಮಾವ: ಫೋಟೋ ಬಿಡು. ಲೆಕ್ಕ ಸುಳ್ಳಾ? 33 ಅಂತ ಅವರ ಸರ್ಕಾರವೇ ಹೇಳಿದೆ.

ಅಲ್ಲೇ ನಾನು ಸಿಕ್ಕಿಹಾಕಿಕೊಂಡೆ. ಲೆಕ್ಕ ಸುಳ್ಳಲ್ಲ. ಫೋಟೋ ಸುಳ್ಳಾದರೆ ತೋರಿಸಿಕೊಡಬಹುದು. ಸರಿಯಾದ ಲೆಕ್ಕಕ್ಕೆ ತಪ್ಪು ಅರ್ಥ ಕಟ್ಟಿದ್ದರೆ ಏನು ತೋರಿಸುವುದು?

ಭಾವ: ಮಾವ, 33 ಎಂದರೆ ಮೂರರಲ್ಲಿ ಒಂದು ಪಾಲು ಬೆಂಕಿ ಆರಿದೆ ಎಂದಲ್ಲ. ಸುಟ್ಟ ಜಾಗದ ಸುತ್ತಳತೆಯಲ್ಲಿ ಶೇ 33ರಷ್ಟು ಉದ್ದಕ್ಕೆ ಗಟ್ಟಿ ಗೆರೆ ಎಳೆದಿದ್ದಾರೆ ಎಂದು. ಅಲ್ಲಿಂದ ಬೆಂಕಿ ದಾಟುವುದಿಲ್ಲ ಎನ್ನುವ ನಂಬಿಕೆ ಅವರಿಗೆ ಬಂದಿದೆ. ಎಕರೆ ನೋಡಿ. ಮೂರು ದಿನದಿಂದ ಸುಮಾರು 14,100ಕ್ಕೇ ನಿಂತಿದೆ. ಶುಕ್ರವಾರ ಶೇ 3 ಇದ್ದದ್ದು ಈಗ 33 ಆಗಿದೆ.

ಗುಬ್ಬಿ ಮಾವ: ಇದು ಎಂಜಿನಿಯರ್ ಮಾತು ಅಳಿಯಂದಿರೇ. ನಮ್ಮ ಕಡೆ 33 ತೆಗೆದವನು ಫೇಲು. ಪಾಸಾಗಲು 35 ಬೇಕು.

ಆಗ ನಮ್ಮಲ್ಲಿ ಪಾಸಿಗೆ 35 ಅಂಕ ಬೇಕಿತ್ತು. ಮಾವನ ಈ ಮಾತಿಗೆ ಹನ್ನೊಂದು ನಗುವ ಮುಖ ಬಿದ್ದವು. ಭಾವನ ಮೆಸೇಜಿಗೆ ಬಿದ್ದದ್ದು ಎರಡೇ ಹೆಬ್ಬೆರಳು. ಅದರಲ್ಲಿ ಒಂದು ಅಕ್ಕನದು.

ಬೆಳಿಗ್ಗೆ 8:15

ಊರ್ಡಿಗೆರೆ ದೊಡ್ಡಪ್ಪ ಟೈಪ್ ಮಾಡುವುದಿಲ್ಲ. ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಬಂತು. ಹಿಂದೆ ಹಸುವಿನ ಮೈ ತೊಳೆಯುವ ಸದ್ದು.

ಊರ್ಡಿಗೆರೆ ದೊಡ್ಡಪ್ಪ: ಗುಬ್ಬಿ ಭಾವನವರೇ, ನೀವು ಹೊಲಕ್ಕೆ ಬೇಲಿ ಹಾಕಿಸಿದ್ದೀರಲ್ಲ. ಮೂರು ಪಾಲಿನಲ್ಲಿ ಒಂದು ಪಾಲು ಬೇಲಿ ಗಟ್ಟಿ ಅಂದುಕೊಳ್ಳಿ. ಉಳಿದ ಕಡೆ ದನ ನುಗ್ಗಿದೆ ಅಂತ ಅರ್ಥ ಅಲ್ಲ. ನುಗ್ಗಿದರೆ ತಡೆಯಲು ಏನೂ ಇಲ್ಲ ಅಂತ. ಅಳಿಯಂದಿರು ಹೇಳಿದ್ದು ಅದನ್ನೇ. ದೇವರಾಯನದುರ್ಗದ ಕಾಡಿನಲ್ಲಿ ನಾನು ನಾಲ್ಕು ಬೇಸಿಗೆ ಬೆಂಕಿ ಕಾವಲಿಗೆ ಹೋಗಿದ್ದೆ, ದಿನಗೂಲಿ ಮೇಲೆ. ಹುಲ್ಲು ಒಣಗಿ ನಿಂತರೆ ಸೀಮೆಎಣ್ಣೆ ಸುರಿದ ಹಾಗೆ. ನಮ್ಮ ಕೈಯಲ್ಲಿ ಇದ್ದದ್ದು ಹಸಿ ಸೊಪ್ಪಿನ ಕೊಂಬೆ, ಕುಡುಗೋಲು. ಬೆಂಕಿಯ ಮುಂದೆ ನಿಂತು ಬಡಿಯುವವನು ದಡ್ಡ. ಸುಟ್ಟ ಕಡೆ ಕಾಲಿಟ್ಟು ಬದಿಯಿಂದ ಬಡಿಯುತ್ತಾ ಹೋಗಬೇಕು. ಇನ್ನೊಂದು ತಂಡ ದೂರದಲ್ಲಿ ಹುಲ್ಲು ಕೆತ್ತಿ ಮಣ್ಣು ಕಾಣುವ ಹಾಗೆ ಫೈರ್ ಲೈನ್ ಮಾಡಬೇಕು. ಒಂದೊಂದು ಸಲ ಆ ಲೈನಿನಿಂದ ನಾವೇ ಎದುರು ಬೆಂಕಿ ಕೊಡುತ್ತಿದ್ದೆವು.

ಸ್ವಲ್ಪ ಕೆಮ್ಮು. ಆಮೇಲೆ ಮುಂದುವರಿಸಿದರು.

ಊರ್ಡಿಗೆರೆ ದೊಡ್ಡಪ್ಪ: ಒಂದು ಸಲ ಸಂಜೆಗೆ ಎಲ್ಲಾ ಆರಿತು. ಹೊಗೆಯೂ ಇಲ್ಲ. ಮನೆಗೆ ಬಂದು ಮುದ್ದೆ ಉಂಡು ಮಲಗಿದೆವು. ರಾತ್ರಿ ಒಂದು ಕೊರಡು, ಒಳಗೆ ಕೆಂಡ ಹಿಡಿದುಕೊಂಡಿದ್ದು, ಇಳಿಜಾರಿನಲ್ಲಿ ಉರುಳಿ ಲೈನ್ ದಾಟಿದೆ. ಬೆಳಿಗ್ಗೆ ನೋಡಿದರೆ ಕೆಳಗಿನ ಬೋರೆ ಎಲ್ಲಾ ಕರ್ರಗೆ. ಅವತ್ತಿನಿಂದ ಅಂಚಿನ ಬೂದಿಯ ಹತ್ತಿರ ಕೈ ಹಿಂಬದಿ ಹಿಡಿದು ನೋಡದೆ ನಾನು ಕೆಳಗೆ ಇಳಿಯಲಿಲ್ಲ. ಬೂದಿ ಮುಚ್ಚಿದ ಕೆಂಡ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ಭಾವ: ದೊಡ್ಡಪ್ಪ, ಇಲ್ಲಿಯೂ ಇದನ್ನೇ ಮಾಡುತ್ತಾರೆ! ಗ್ಲೌಸ್ ಬಿಚ್ಚಿ ಕೈ ಹಿಂಬದಿಯಿಂದ ಬಿಸಿ ಇದೆಯಾ ನೋಡುತ್ತಾ ಅಂಚಿನುದ್ದಕ್ಕೂ ಹೋಗುತ್ತಾರೆ. ಕೆಂಡ ಸಿಕ್ಕಿದರೆ ಅಗೆದು ಆರಿಸುತ್ತಾರೆ.

ಗುಬ್ಬಿ ಮಾವ: ಕೈ ಇಟ್ಟು ನೋಡುವುದಕ್ಕೆ ಅಮೆರಿಕ ಯಾಕೆ ಬೇಕು? ಪಕ್ಕದಲ್ಲೇ ಸಮುದ್ರ ಇದೆ. ವಿಮಾನ ಇದೆ. ನೀರು ಸುರಿದರೆ ಮುಗಿಯಿತಲ್ಲ. 2019ರಲ್ಲಿ ನಮ್ಮ ಬಂಡೀಪುರಕ್ಕೆ ವಾಯುಪಡೆ ಹೆಲಿಕಾಪ್ಟರ್ ಬಂದಿರಲಿಲ್ವಾ?

ಭಾವ: ಸಮುದ್ರದ ನೀರೂ ಸುರಿದರು ಮಾವ. ಕೆನಡಾದ ಕ್ವಿಬೆಕ್‌ನಿಂದ ಬಂದ ವಿಮಾನಗಳು ಅದನ್ನೇ ಮಾಡುತ್ತಿವೆ. ಮೊದಲ ರಾತ್ರಿ ಮಾತ್ರ ಗಾಳಿ ಎಷ್ಟಿತ್ತು ಎಂದರೆ ವಿಮಾನ ಹಾರುವ ಹಾಗೇ ಇರಲಿಲ್ಲ. ಬೆಟ್ಟದ ಬುಡದಲ್ಲಿ ಗಂಟೆಗೆ 100 ಕಿ.ಮೀ. ದಾಟಿತ್ತು. ಕಿಡಿ ಹಾರಿ ಎಲ್ಲೋ ದೂರದ ಮನೆ ಮೇಲೆ ಬೀಳುತ್ತಿತ್ತು. ಗಾಳಿ ನಿಂತ ಮೇಲೆ 9ನೇ ತಾರೀಕು ಯಾರೋ ಶೋಕಿಗೆ ಡ್ರೋನ್ ಹಾರಿಸಿದರು. ಅದು ಬಡಿದು ಒಂದು ವಿಮಾನದ ರೆಕ್ಕೆ ತೂತಾಗಿ ಕೆಲವು ದಿನ ಕೆಳಗೇ ನಿಂತಿತು.

ಊರ್ಡಿಗೆರೆ ದೊಡ್ಡಪ್ಪ: ಟಿವಿಯಲ್ಲಿ ಗುಲಾಬಿ ಬಣ್ಣದ್ದು ಸುರಿಯುತ್ತಾರಲ್ಲ, ಅದೇನು?

ಭಾವ: ಅಮೋನಿಯಂ ಫಾಸ್ಫೇಟ್ ಜಾತಿಯ ಉಪ್ಪು ದೊಡ್ಡಪ್ಪ. ನಿಮ್ಮ ಡಿಎಪಿ ಗೊಬ್ಬರದ ನೆಂಟ. ಹುಲ್ಲು, ಗಿಡಕ್ಕೆ ಬೇಗ ಬೆಂಕಿ ಹತ್ತದ ಹಾಗೆ ಮಾಡುತ್ತದೆ. ಎಲ್ಲಿ ಸುರಿದಿದ್ದೇವೆ ಎಂದು ಕಾಣಲಿ ಅಂತ ಬಣ್ಣ.

ಊರ್ಡಿಗೆರೆ ದೊಡ್ಡಪ್ಪ: ಇಲ್ಲಿ ಒಂದು ಮೂಟೆ ಡಿಎಪಿಗೆ ಸಾಲಿನಲ್ಲಿ ನಿಲ್ಲುತ್ತೇವೆ. ಅವರು ಆಕಾಶದಿಂದ ಸುರಿಯುತ್ತಾರೆ.

ಗುಬ್ಬಿ ಮಾವ: ಆಯಿತು. ನಿಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಶೇ 67ರಷ್ಟು ಬೇಲಿ ಇಲ್ಲ. ನಾಳೆ ಮತ್ತೆ ಗಾಳಿ ಬರುತ್ತದೆ ಅಂತ ನ್ಯೂಸಿನಲ್ಲಿ ಹೇಳುತ್ತಿದ್ದಾರೆ. ದನ ನುಗ್ಗುವುದು ನಾಳೆಯೇ ಅಲ್ವಾ?

ಇದಕ್ಕೆ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ಮಾವನಿಗೆ ಸಿಟ್ಟು ಬಂದರೆ ಬುದ್ಧಿ ಚುರುಕಾಗುತ್ತದೆ. ಅಲ್ಲಿಯ ಹವಾಮಾನ ಇಲಾಖೆ ಮಂಗಳವಾರ, ಬುಧವಾರಕ್ಕೆ ಜೋರು ಗಾಳಿಯ ಎಚ್ಚರಿಕೆ ಕೊಟ್ಟಿದ್ದು ನಿಜ.

ಭಾವ: ಅದು ಸರಿ ಮಾವ. ಅದಕ್ಕೇ ನಾವು ಇನ್ನೂ ಮನೆಗೆ ಹೋಗಿಲ್ಲ.

ಬೆಳಿಗ್ಗೆ 10:40

ಪೂಜೆ, ಪೊಂಗಲ್ ಮುಗಿಸಿ ಶಿರಾ ಅತ್ತೆ ಬಂದರು. ಮೇಲಿನದು ಒಂದನ್ನೂ ಓದಿರಲಿಲ್ಲ. ಓದುವ ಅಭ್ಯಾಸವೂ ಅವರಿಗಿಲ್ಲ.

ಶಿರಾ ಅತ್ತೆ: ಮನೆ ಸುಟ್ಟಿಲ್ಲ ಅಂದ ಮೇಲೆ ಬೇರೆಯವರ ಮನೆಯಲ್ಲಿ ಎಷ್ಟು ದಿನ ಇರುತ್ತೀರಮ್ಮ? ಹಬ್ಬದ ದಿನ ದೀಪ ಹಚ್ಚುವವರಿಲ್ಲದೆ ಮನೆ ಹಾಳು ಸುರಿಯಬಾರದು. ಕಳ್ಳರು ಬೇರೆ ನುಗ್ಗುತ್ತಾರಂತೆ.

ಅಕ್ಕ: ಅತ್ತೆ, ಹೊರಡಿ ಅನ್ನುವುದರಲ್ಲಿ ಎರಡು ಥರ ಇದೆ. ವಾರ್ನಿಂಗ್ ಬಂದರೆ ಬ್ಯಾಗ್ ತುಂಬಿ ಕಾರು ತಿರುಗಿಸಿ ನಿಲ್ಲಿಸಿಕೊಳ್ಳಬೇಕು. ಆರ್ಡರ್ ಬಂದರೆ ಬ್ಯಾಗ್ ಸಿಗಲಿ ಬಿಡಲಿ ಹೊರಡಬೇಕು. ನಮ್ಮ ಬೀದಿಗೆ ಮೊದಲು ಆರ್ಡರ್ ಇತ್ತು, ಈಗ ವಾರ್ನಿಂಗ್ ಆಗಿದೆ. ಆದರೆ ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಎಂದಿದ್ದಾರೆ. ಬೂದಿ ಮನೆ ಒಳಗೂ ಬಂದಿರುತ್ತದೆ. ಅದು ಬರೀ ಸೌದೆ ಬೂದಿ ಅಲ್ಲ. ಸುಟ್ಟಿದ್ದು ಮನೆ, ಕಾರು, ಬ್ಯಾಟರಿ, ಹಳೇ ಪೇಂಟು. ಮಗುವನ್ನು ಹೇಗೆ ಕರೆದುಕೊಂಡು ಹೋಗಲಿ?

ಶಿರಾ ಅತ್ತೆ: ನೀರಿನ ಕ್ಯಾನ್ ತರಿಸಿಕೊಂಡರೆ ಆಗಲ್ವಾ?

ಅಕ್ಕ: ಅತ್ತೆ.

ಆ ಒಂದು ಪದದ ಮೆಸೇಜಿನಲ್ಲಿ ಏಳು ದಿನದ ನಿದ್ದೆ ಇಲ್ಲದ್ದು ಕಾಣುತ್ತಿತ್ತು. ಅತ್ತೆಗೂ ಕಂಡಿರಬೇಕು. ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ಕಳ್ಳರ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ಆರ್ಡರ್ ಇದ್ದ ಕಡೆ ರಾತ್ರಿ ಕರ್ಫ್ಯೂ ಹಾಕಿ ರಸ್ತೆಗೆ ನ್ಯಾಷನಲ್ ಗಾರ್ಡ್ ಸೈನಿಕರನ್ನು ನಿಲ್ಲಿಸಿದ್ದರು.

ಭಾವ: ಇನ್ನೊಂದು ಕೇಳಿ. 9ನೇ ತಾರೀಕು ಇಡೀ ಲಾಸ್ ಏಂಜಲೀಸ್ ಕೌಂಟಿಯ ಫೋನುಗಳು ಒಟ್ಟಿಗೆ ಬಡಿದುಕೊಂಡವು, ಹೊರಡಲು ಸಿದ್ಧರಾಗಿ ಎಂದು. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಸುಮಾರು ಒಂದು ಕೋಟಿ ಜನ. ಆಮೇಲೆ ತಪ್ಪಾಗಿ ಹೋಗಿದೆ ಎಂದರು.

ಗುಬ್ಬಿ ಮಾವ: ನೋಡಿ! ಅವರೂ ಫಾರ್ವರ್ಡ್ ಮಾಡುತ್ತಾರೆ!!

ಮಧ್ಯಾಹ್ನ 1:05

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಶಿರಾ ಅತ್ತೆಯ ಮಗ ತನ್ನ ಸ್ನೇಹಿತರ ಗುಂಪಿಗೆ ಹಾಕಬೇಕಾದದ್ದನ್ನು ಇಲ್ಲಿ ಹಾಕಿಬಿಟ್ಟ.

ಅತ್ತೆ ಮಗ: ನಾಳೆ ರಾತ್ರಿ ಫಿಕ್ಸ್ ಗುರು. ದೇವರಾಯನದುರ್ಗದ ಹಿಂದಿನ ಗುಡ್ಡ. ಟೆಂಟ್ ಎರಡು, ಕ್ಯಾಂಪ್ ಫೈರ್, ಚಿಕನ್ ನಾನು ತರುತ್ತೇನೆ. ಗೇಟ್ ಕಡೆ ಬೇಡ, ಪಕ್ಕದ ದಾರಿ ಗೊತ್ತು.

ಅಳಿಸಿದ. ಅಷ್ಟರಲ್ಲಿ ಹದಿನಾಲ್ಕು ಜನ ನೋಡಿಯಾಗಿತ್ತು. ಈ ಸಲದ ವಾಯ್ಸ್ ಮೆಸೇಜ್ ಇಪ್ಪತ್ತು ಸೆಕೆಂಡ್ ಅಷ್ಟೇ.

ಊರ್ಡಿಗೆರೆ ದೊಡ್ಡಪ್ಪ: ಯಾವ ಗುಡ್ಡ? ಯಾವ ದಾರಿ? ಇನ್ನೊಂದು ಸಲ ಹೇಳು. ರಿಸರ್ವ್ ಫಾರೆಸ್ಟ್ ಒಳಗೆ ರಾತ್ರಿ ಹೋಗಿ ಒಲೆ ಹೂಡುತ್ತೀಯಾ? ನಾನೇ ಗಾರ್ಡಿಗೆ ಫೋನ್ ಮಾಡುತ್ತೇನೆ.

ಅತ್ತೆ ಮಗ: ದೊಡ್ಡ ಮಾವ, ಜನವರಿ ಅಲ್ವಾ, ಚಳಿ ಇದೆ. ಬೆಂಕಿ ಸೀಸನ್ ಇನ್ನೂ ಶುರುವಾಗಿಲ್ಲ. ಬಂಡೆ ಮೇಲೆ ಹಾಕಿ ನೀರು ಸುರಿದು ಬರುತ್ತೇವೆ. ಸುಮ್ನೆ ಅದೂ ಇದೂ ಮುಚ್ಚಿಬಿಟ್ಟರೆ ಕಾಡು ಯಾರಿಗೆ?

ಅಕ್ಕ: ಇಲ್ಲಿಯೂ ಬೆಂಕಿ ಹತ್ತಿದ್ದು ಜನವರಿಯಲ್ಲೇ ಕಣೋ.

ನಾನು: 2018ರ ಮಾರ್ಚ್‌ನಲ್ಲಿ ತೇಣಿ ಹತ್ತಿರ ಕುರಂಗಣಿ ಬೆಟ್ಟಕ್ಕೆ ಟ್ರೆಕಿಂಗ್ ಹೋದವರು ಹುಲ್ಲಿನ ಬೆಂಕಿಗೆ ಸಿಕ್ಕಿಕೊಂಡರು. 20ಕ್ಕೂ ಹೆಚ್ಚು ಜನ ಸತ್ತರು. ಎಲ್ಲಾ ನಿನ್ನ ವಯಸ್ಸಿನವರ ಹಾಗೇ.

ಅತ್ತೆ ಮಗ: ಅವರು ಬೆಂಕಿ ಹಚ್ಚಿರಲಿಲ್ಲವಲ್ಲ.

ನಾನು: ಹೌದು. ಬೇರೆ ಯಾರದ್ದೋ ಬೆಂಕಿ. ನಾಳೆ ನಿನ್ನ ಬೆಂಕಿ ಬೇರೆಯವರಿಗೆ ಆಗಬಹುದು.

ಬರೆದ ಮೇಲೆ ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು. ಅಳಿಸಲಿಲ್ಲ.

ಊರ್ಡಿಗೆರೆ ದೊಡ್ಡಪ್ಪ: ಬೆಂಕಿ ಗುಡ್ಡ ಹತ್ತುವಾಗ ಓಡುತ್ತದೆ ಮಗ, ಇಳಿಯುವಾಗ ನಡೆಯುತ್ತದೆ. ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ನೀವು ಮೇಲೆ ಟೆಂಟ್ ಹಾಕಿ ಮಲಗಿರುತ್ತೀರಿ. ಎಲ್ಲಿಗೆ ಓಡುತ್ತೀರಿ? ಕೆಳಗೆ ಕರಡಿ, ಚಿರತೆ ಬೇರೆ ಇವೆ. ಅವೂ ಅದೇ ದಾರಿಯಲ್ಲಿ ಓಡಬೇಕು.

ಅತ್ತೆ ಮಗ: ಒಂದು ಸಣ್ಣ ಬೆಂಕಿ ಯಾರಿಗೆ ಕಾಣುತ್ತದೆ ಬಿಡಿ.

ಭಾವ: ಸಣ್ಣದು ಕಾಣುವುದಿಲ್ಲ. ಹುಲ್ಲಿಗೆ ಹತ್ತಿದರೆ ಕಾಣುತ್ತದೆ. ಉಪಗ್ರಹ 375 ಮೀಟರ್ ಚೌಕದ ಲೆಕ್ಕದಲ್ಲಿ ಬಿಸಿ ನೋಡಿ, ಭಾರತೀಯ ಅರಣ್ಯ ಸರ್ವೇಕ್ಷಣೆಯಿಂದ ಸಿಬ್ಬಂದಿ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಆದರೆ ಮೆಸೇಜ್ ಬರುವಾಗ ಗುಡ್ಡ ಅರ್ಧ ಹೋಗಿರುತ್ತದೆ.

ಶಿರಾ ಅತ್ತೆ: ಯಾವ ಟೆಂಟ್?? ಸ್ನೇಹಿತನ ಮನೆಯಲ್ಲಿ ಓದಿಕೊಳ್ಳುತ್ತೇನೆ ಅಂದಿದ್ದ!!

ಆಮೇಲೆ ಅತ್ತೆ ಮಗ ಗುಂಪಿನಲ್ಲಿ ಕಾಣಲಿಲ್ಲ. ಮನೆಯಲ್ಲಿ ಕಂಡಿರಬೇಕು.

ಸಂಜೆ 6:50

ಊರಿನಲ್ಲಿ ಕಿಚ್ಚು ಹಾಯಿಸುವ ಹೊತ್ತು. ರಸ್ತೆಗೆ ಅಡ್ಡ ಹುಲ್ಲು ಹಾಸಿ ಬೆಂಕಿ ಕೊಟ್ಟು, ಕೊಂಬಿಗೆ ಬಣ್ಣ ಹಚ್ಚಿದ ಎತ್ತು, ಹಸುಗಳನ್ನು ಹಾಯಿಸುತ್ತಾರೆ. ಅಕ್ಕ ಅಲ್ಲಿಗೆ ಹೋದ ಮೇಲೆ ಪ್ರತಿ ವರ್ಷ ಅಮ್ಮ ವಿಡಿಯೋ ಕಳಿಸುತ್ತಾರೆ. ಈ ಸಲ ವಿಡಿಯೋ ಹಾಕಿ ತಕ್ಷಣ ಅಳಿಸಿದರು.

ಅಕ್ಕ: ಅಮ್ಮ, ಯಾಕೆ ಅಳಿಸಿದೆ?

ಅಮ್ಮ: ನಿನಗೆ ಬೆಂಕಿ ತೋರಿಸುವುದು ಬೇಡ ಅನ್ನಿಸಿತು ಕಣೇ.

ಅಕ್ಕ: ಕಳಿಸು. ಇಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಬೆಳಗಾಗುತ್ತದೆ. ಮಗು ಎದ್ದು ಗೌರಿ ಹಸು ಹಾರಿತಾ ಅಂತ ಕೇಳುತ್ತಾನೆ.

ವಿಡಿಯೋ ಮತ್ತೆ ಬಂತು. ಗೌರಿ ಹಾರಲಿಲ್ಲ, ಪಕ್ಕದಿಂದ ಸುತ್ತಿಕೊಂಡು ಹೋಯಿತು. ಪ್ರತಿ ವರ್ಷ ಹಾಗೇ. ಹತ್ತು ನಿಮಿಷ ಬಿಟ್ಟು ದೊಡ್ಡಪ್ಪನಿಂದ ಒಂದು ಫೋಟೋ. ಕತ್ತಲೆ, ಅಲುಗಾಡಿದೆ. ರಸ್ತೆಯ ಮೇಲೆ ನೀರು ಸುರಿದ ಕರಿ ಬೂದಿ, ಅದರ ಮೇಲೆ ಅವರ ಕೈ ಹಿಂಬದಿ.

ಭಾವ: ಶೇ 100.

ಮರುದಿನ ಬೆಳಿಗ್ಗೆ 7:30

ಗುಲಾಬಿ ಹೂವು, ಶುಭೋದಯ. ಅದರ ಕೆಳಗೆ,

ಗುಬ್ಬಿ ಮಾವ: ಈಗ 35 ಆಗಿದೆಯಂತೆ. ಪಾಸು.