ನ್ಯೂಜೆರ್ಸಿಯ ಸ್ಕೂಲ್ ಬೋರ್ಡ್ ಮತ್ತು ನಮ್ಮ ಕುಟುಂಬಗಳು

ನ್ಯೂಜೆರ್ಸಿಗೆ ಹೊಸದಾಗಿ ಬರುವ ಕನ್ನಡ ಕುಟುಂಬಗಳು ಮೊದಲು ಕೇಳುವುದು ಯಾವ ಊರಿನ ಶಾಲೆ ಚೆನ್ನಾಗಿದೆ ಎಂದು. ಉತ್ತರವಾಗಿ ನಾಲ್ಕೈದು ಊರುಗಳ ಹೆಸರು, ಹತ್ತಕ್ಕೆ ಇಷ್ಟು ಎಂಬ ರೇಟಿಂಗು, ಅಲ್ಲಿಯ ಮನೆ ಬಾಡಿಗೆ ಎಲ್ಲವೂ ಸಿಗುತ್ತವೆ. ಆದರೆ ಮಗುವನ್ನು ಸೇರಿಸಿದ ಮೇಲೆ ಆ ಶಾಲೆಯನ್ನು ನಡೆಸುವವರು ಯಾರು, ಖರ್ಚು ಎಲ್ಲಿಂದ ಬರುತ್ತದೆ, ತೀರ್ಮಾನಗಳು ಎಲ್ಲಿ ಆಗುತ್ತವೆ ಎಂಬ ಮಾತು ನಮ್ಮಲ್ಲಿ ಏಳುವುದೇ ಅಪರೂಪ. ಮನೆ ಹುಡುಕುವುದಕ್ಕೆ ನಾವು ಕೊಡುವ ಗಮನದಲ್ಲಿ ಕಾಲು ಭಾಗವನ್ನಾದರೂ ಇದಕ್ಕೆ ಕೊಡಬೇಕೆಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.

ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರ ನೇಮಕ, ವರ್ಗಾವಣೆ, ಪಠ್ಯಪುಸ್ತಕ ಎಲ್ಲವೂ ರಾಜ್ಯದ ಶಿಕ್ಷಣ ಇಲಾಖೆಯ ಕೈಯಲ್ಲಿವೆ. ಇಲ್ಲಿಯ ವ್ಯವಸ್ಥೆ ಹಾಗಲ್ಲ. ನ್ಯೂಜೆರ್ಸಿ ಎಂಬ ಸಣ್ಣ ರಾಜ್ಯದಲ್ಲೇ ಸುಮಾರು 600 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿದ್ದು (ಅಂದರೆ ಒಂದು ಊರಿನ ಅಥವಾ ಕೆಲವು ಊರುಗಳ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಆಡಳಿತ ಘಟಕಗಳು), ಬಹುಪಾಲು ಕಡೆ ಊರಿನ ಮತದಾರರೇ ಆರಿಸಿದ ಬೋರ್ಡ್ ಆಫ್ ಎಜುಕೇಷನ್ ಅದರ ಆಡಳಿತ ನಡೆಸುತ್ತದೆ. ಬೋರ್ಡಿನ ಸದಸ್ಯರಿಗೆ ಸಂಬಳವಿಲ್ಲ. ಹಗಲು ತಮ್ಮ ಉದ್ಯೋಗ ಮುಗಿಸಿ ಸಂಜೆ ಸಭೆಗೆ ಬರುವವರೇ ಹೆಚ್ಚು. ಡಿಸ್ಟ್ರಿಕ್ಟಿನ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುವುದು, ಅವರ ಶಿಫಾರಸಿನಂತೆ ಶಿಕ್ಷಕರ ನೇಮಕಕ್ಕೆ ಒಪ್ಪಿಗೆ ಕೊಡುವುದು, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂದು ಗಡಿ ಎಳೆಯುವುದು, ರಜೆಯ ಪಟ್ಟಿಯನ್ನು ನಿರ್ಧರಿಸುವುದು, ಇವೆಲ್ಲ ಆ ಬೋರ್ಡಿನ ಕೆಲಸ. ರಾಜ್ಯವು ಪಠ್ಯದ ಮಟ್ಟವನ್ನು ಗೊತ್ತುಮಾಡುತ್ತದೆ, ಆ ಮಟ್ಟವನ್ನು ಮುಟ್ಟುವ ಪುಸ್ತಕಗಳನ್ನು ಡಿಸ್ಟ್ರಿಕ್ಟ್ ಆರಿಸಿಕೊಳ್ಳುತ್ತದೆ.

ಹಣದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲಿ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲನ್ನು ತೆರೆದು ನೋಡಿದರೆ ಕೌಂಟಿಗೆ (ಜಿಲ್ಲೆಗೆ) ಇಷ್ಟು, ಟೌನ್‌ಶಿಪ್ಪಿಗೆ (ಊರಿನ ಆಡಳಿತಕ್ಕೆ) ಇಷ್ಟು, ಶಾಲೆಗೆ ಇಷ್ಟು ಎಂದು ಬೇರೆ ಬೇರೆ ಸಾಲುಗಳಿರುತ್ತವೆ, ಅವುಗಳಲ್ಲಿ ಸಾಮಾನ್ಯವಾಗಿ ಶಾಲೆಯ ಸಾಲೇ ದೊಡ್ಡದು. ರಾಜ್ಯದ ಒಟ್ಟು ಆಸ್ತಿ ತೆರಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗಳಿಗೇ ಹೋಗುತ್ತದೆ. ಬಾಡಿಗೆಗೆ ಇರುವವರಿಗೆ ಆ ಬಿಲ್ಲು ಬರುವುದಿಲ್ಲ, ನಿಜ. ಆದರೆ ಮನೆಯ ಮಾಲೀಕರು ಆ ತೆರಿಗೆಯನ್ನು ಲೆಕ್ಕಕ್ಕೆ ಹಿಡಿದೇ ಬಾಡಿಗೆ ಗೊತ್ತುಮಾಡುವುದರಿಂದ, ಶಾಲೆಗೆ ನಾವು ಏನೂ ಕೊಡುತ್ತಿಲ್ಲ ಎಂಬ ಸಂಕೋಚ ಯಾರಿಗೂ ಬೇಡ. ಆಸ್ತಿ ಮೌಲ್ಯ ಕಡಿಮೆ ಇರುವ ಊರುಗಳು ಈ ತೆರಿಗೆಯೊಂದನ್ನೇ ನಂಬಿ ಶಾಲೆ ನಡೆಸಲಾರವು. ಅದಕ್ಕಾಗಿಯೇ ಈ ರಾಜ್ಯದಲ್ಲಿ ದಶಕಗಳ ಕಾಲ ಕಾನೂನಿನ ಹೋರಾಟ ನಡೆದಿದೆ: ‘ಅಬಟ್ ವರ್ಸಸ್ ಬರ್ಕ್’ ಪ್ರಕರಣದ 1990ರ ತೀರ್ಪಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಬಡ ನಗರಗಳ ಮಕ್ಕಳಿಗೂ ಶ್ರೀಮಂತ ಊರುಗಳ ಮಟ್ಟದಲ್ಲೇ ಖರ್ಚಾಗಬೇಕೆಂದು ಆದೇಶಿಸಿತು. ಈಗ ರಾಜ್ಯದ ನೆರವು 2008ರ ಕಾಯ್ದೆಯ ಸೂತ್ರದಂತೆ ಹಂಚಿಕೆಯಾಗುತ್ತದೆ. 2018ರಲ್ಲಿ ಅದಕ್ಕೆ ತಿದ್ದುಪಡಿಯಾದಾಗ ದೊಡ್ಡ ಮೊತ್ತದ ನೆರವನ್ನು ಕಳೆದುಕೊಳ್ಳುವ ಪರಿಸ್ಥಿತಿಗೆ ಬಂದ ಜೆರ್ಸಿ ಸಿಟಿ, ಶಾಲೆಗಳ ಸಲುವಾಗಿಯೇ ಕಂಪನಿಗಳ ಮೇಲೆ ಪೇರೋಲ್ ತೆರಿಗೆ, ಅಂದರೆ ಅವು ಕೊಡುವ ಸಂಬಳದ ಮೊತ್ತದ ಮೇಲಿನ ತೆರಿಗೆ, ಹಾಕಬೇಕಾಯಿತು. ಕೇಂದ್ರ ಸರ್ಕಾರದ ಪಾಲು ಎಲ್ಲಕ್ಕಿಂತ ಸಣ್ಣದು.

ರಾಜ್ಯದ ನೆರವಿನ ಆ ಸೂತ್ರಕ್ಕೂ ನಮ್ಮ ಮನೆಗೂ ಒಂದು ನೇರ ಸಂಬಂಧವಿದೆ. ಮಗುವನ್ನು ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಮಗು ಮೊದಲು ಕಲಿತ ಭಾಷೆ ಯಾವುದು ಎಂದು ಕೇಳುವ ಪತ್ರವೊಂದನ್ನು ಕೊಡುತ್ತಾರೆ. ಕನ್ನಡ ಎಂದು ಬರೆದರೆ ಮಗುವನ್ನು ಇಎಸ್‌ಎಲ್ (ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ) ತರಗತಿಗೆ ಹಾಕಿ ಹಿಂದೆ ಉಳಿಸುತ್ತಾರೆಂಬ ಭಯದಿಂದ ಅನೇಕರು ಇಂಗ್ಲಿಷ್ ಎಂದೇ ಬರೆದುಬಿಡುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ, ಆದರೂ ಹಾಗೆ ಮಾಡಬೇಡಿ ಎಂದೇ ಹೇಳುತ್ತೇನೆ. ಕನ್ನಡ ಎಂದು ಬರೆದ ಮಾತ್ರಕ್ಕೆ ಮಗು ಇಎಸ್‌ಎಲ್‌ಗೆ ಹೋಗುವುದಿಲ್ಲ. ಮೊದಲು ಅದರ ಇಂಗ್ಲಿಷನ್ನು ಪರೀಕ್ಷಿಸುತ್ತಾರೆ, ಚೆನ್ನಾಗಿ ಬಂದರೆ ವಿಷಯ ಅಲ್ಲಿಗೇ ಮುಗಿಯಿತು. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗುವಾದರೆ ಅದಕ್ಕೆ ಸಹಾಯ ಮಾಡುವುದು ಡಿಸ್ಟ್ರಿಕ್ಟಿನ ಹೊಣೆ, ಇದು 1974ರ ‘ಲಾವ್ ವರ್ಸಸ್ ನಿಕೋಲ್ಸ್’ ತೀರ್ಪಿನಿಂದ ಸ್ಥಿರಪಟ್ಟ ಹಕ್ಕು. ಅಂಥ ಮಕ್ಕಳಿಗೆ ನೆರವಿನ ಸೂತ್ರದಲ್ಲಿ ಹೆಚ್ಚಿನ ತೂಕವಿರುವುದರಿಂದ, ಅಂದರೆ ಒಬ್ಬೊಬ್ಬರಿಗೂ ಹೆಚ್ಚು ಹಣ ಲೆಕ್ಕ ಹಾಕುವುದರಿಂದ, ನಿಜವನ್ನು ಬರೆಯದ ಪ್ರತಿಯೊಂದು ಮನೆಯೂ ಡಿಸ್ಟ್ರಿಕ್ಟಿನ ಲೆಕ್ಕವನ್ನು ತಪ್ಪಿಸುತ್ತದೆ. ಪ್ರವೇಶದ ವೇಳೆ ವೀಸಾ ಯಾವುದೆಂದು ಶಾಲೆಯವರು ಕೇಳುವಂತಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಊರಿನಲ್ಲಿ ವಾಸವಿದ್ದೀರೆಂಬುದಕ್ಕೆ ಬಾಡಿಗೆ ಕರಾರು, ಕರೆಂಟ್ ಬಿಲ್ಲಿನಂಥ ದಾಖಲೆ ಸಾಕು.

ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಇಲ್ಲಿ ಬೋರ್ಡ್ ಚುನಾವಣೆಯಲ್ಲಿ ಮತವಿಲ್ಲ. ಇದು ಎಷ್ಟೋ ಪೋಷಕರನ್ನು ದೂರ ನಿಲ್ಲಿಸಿದೆ. ಆದರೆ ಬಜೆಟ್ಟಿನ ಮಟ್ಟಿಗೆ ಹೇಳುವುದಾದರೆ ಈಗ ಮತಪೆಟ್ಟಿಗೆಗಿಂತ ಸಭೆಗೇ ತೂಕ ಹೆಚ್ಚು. ಹಿಂದೆ ಪ್ರತಿ ಏಪ್ರಿಲ್‌ನಲ್ಲಿ ಊರವರು ಶಾಲೆಯ ಬಜೆಟ್ಟಿಗೆ ಮತ ಹಾಕುತ್ತಿದ್ದರು. 2012ರ ಕಾಯ್ದೆಯ ನಂತರ ಬೋರ್ಡ್ ಚುನಾವಣೆಯನ್ನು ನವೆಂಬರ್‌ಗೆ ಬದಲಿಸಿಕೊಂಡ ಡಿಸ್ಟ್ರಿಕ್ಟ್‌ಗಳಲ್ಲಿ, ತೆರಿಗೆಯ ಏರಿಕೆ ಶೇಕಡಾ 2ರ ಮಿತಿಯೊಳಗಿದ್ದರೆ ಆ ಮತದಾನವೇ ಇಲ್ಲ. ಬಹುಪಾಲು ಡಿಸ್ಟ್ರಿಕ್ಟ್‌ಗಳು ಈಗ ಹಾಗೆಯೇ ನಡೆಯುತ್ತಿವೆ. ಹೀಗಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರದ ಬಜೆಟ್ ವಿಚಾರಣೆಯೇ (ಬಜೆಟ್ ಕುರಿತು ಊರವರ ಮಾತು ಕೇಳುವ ಬೋರ್ಡಿನ ಸಭೆ) ಊರಿನವರು ಬಾಯಿಬಿಟ್ಟು ಮಾತನಾಡಲು ಉಳಿದಿರುವ ಮುಖ್ಯ ಜಾಗ, ಅಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ.

ಸಭೆಗಳು ಸಾರ್ವಜನಿಕವಾಗಿರಬೇಕು ಎಂಬುದು 1975ರ ಕಾಯ್ದೆ. ಬಾಗಿಲಲ್ಲಿ ಹೆಸರು ಬರೆದುಕೊಂಡು, ಕರೆದಾಗ ಮೈಕಿನ ಮುಂದೆ ನಿಂತು, ಹೆಸರು ಮತ್ತು ಊರು ಹೇಳಿ ಮಾತು ಆರಂಭಿಸಬೇಕು. ಸಾಮಾನ್ಯವಾಗಿ ಮೂರು ನಿಮಿಷ ಕೊಡುತ್ತಾರೆ. ಬೋರ್ಡಿನವರು ಆ ಕ್ಷಣಕ್ಕೆ ಉತ್ತರಿಸದೆ ಬರೆದುಕೊಂಡು ಸುಮ್ಮನಿದ್ದರೆ ಅದನ್ನು ತಾತ್ಸಾರವೆಂದು ತಿಳಿಯಬೇಕಾಗಿಲ್ಲ, ಅಲ್ಲಿಯ ರೀತಿಯೇ ಹಾಗೆ. ಮಧ್ಯ ನ್ಯೂಜೆರ್ಸಿಯ ಹಲವು ಡಿಸ್ಟ್ರಿಕ್ಟ್‌ಗಳಲ್ಲಿ ದೀಪಾವಳಿಗೆ ಶಾಲೆ ಮುಚ್ಚುತ್ತಾರಲ್ಲ, ಆ ತೀರ್ಮಾನವೂ ಇಂಥ ಬೋರ್ಡುಗಳದೇ. ವರ್ಷಕ್ಕೆ 180 ದಿನ ಪಾಠ ನಡೆಯಲೇಬೇಕೆಂಬ ನಿಯಮವಿರುವುದರಿಂದ ಒಂದು ರಜೆ ಕೊಟ್ಟರೆ ಇನ್ನೊಂದು ದಿನವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ, ಹಾಗಾಗಿ ಬರಿಯ ಬೇಡಿಕೆ ಒಯ್ಯುವುದಕ್ಕಿಂತ ಅದಕ್ಕೊಂದು ದಾರಿಯನ್ನೂ ಯೋಚಿಸಿಕೊಂಡು ಹೋಗುವುದು ಒಳ್ಳೆಯದು.

ಆದರೆ ಹಬ್ಬದ ರಜೆಗೆ ಸೇರುವಷ್ಟು ನಮ್ಮವರು ಬಜೆಟ್ಟಿಗೆ ಸೇರುವುದಿಲ್ಲವೆಂಬುದು ನನ್ನ ಕೊರಗು. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಸಂಗೀತದ ಶಿಕ್ಷಕರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಥೆರಪಿಸ್ಟ್ ಸಿಗುತ್ತಾರೋ ಇಲ್ಲವೋ ಎಂಬುದು ಗೊತ್ತಾಗುವುದು ಅಲ್ಲಿ. ಪ್ರತಿ ಡಿಸ್ಟ್ರಿಕ್ಟೂ ತನ್ನ ವೆಬ್‌ಸೈಟಿನಲ್ಲಿ ‘ಯೂಸರ್ ಫ್ರೆಂಡ್ಲಿ ಬಜೆಟ್’ ಎಂಬ ದಾಖಲೆಯನ್ನು ಹಾಕಬೇಕು. ವಿದ್ಯಾರ್ಥಿಗಳ ಸಂಖ್ಯೆ, ಆದಾಯದ ಮೂಲಗಳು, ಒಬ್ಬ ವಿದ್ಯಾರ್ಥಿಗೆ ತಗಲುವ ವೆಚ್ಚ ಎಲ್ಲವೂ ಅದರಲ್ಲಿವೆ. ಕಳೆದ ವರ್ಷದ ಅಂಕಣದ ಪಕ್ಕದಲ್ಲಿ ಈ ವರ್ಷದ್ದನ್ನಿಟ್ಟು ನೋಡಿದರೆ ಎಲ್ಲಿ ಕತ್ತರಿ ಬಿದ್ದಿದೆಯೆಂದು ಕಾಣುತ್ತದೆ. ಅದನ್ನು ಓದಿಕೊಂಡು, ಒಂದೇ ಊರಿನ ಮೂರು ನಾಲ್ಕು ಕುಟುಂಬಗಳು ಸೇರಿ ಒಬ್ಬೊಬ್ಬರು ಒಂದೊಂದು ವಿಷಯ ಹಿಡಿದು ವಿಚಾರಣೆಗೆ ಹೋಗಬೇಕೆಂಬುದು ನನ್ನ ಕೋರಿಕೆ.