ಕೊರಿಯಾ ಗಡಿ: ಸೋಲ್ ಸರ್ಕಾರ ಬದಲಾದಂತೆ ಶಾಂತಿಯೂ ಬದಲಾಗುತ್ತಾ?

ನಕ್ಷೆಗಾರ:
2018ರಲ್ಲಿ ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್, ದಕ್ಷಿಣ ಕೊರಿಯಾ ಅಧ್ಯಕ್ಷ ಮೂನ್ ಜೇ-ಇನ್ ಗಡಿಯ ಪನ್‌ಮುಂಜೊಮ್‌ನಲ್ಲಿ ಕೈಕುಲುಕಿದರು. 2020ರಲ್ಲಿ ತನ್ನ ನೆಲದ ಕೇಸಾಂಗ್‌ನಲ್ಲಿದ್ದ ಎರಡೂ ಕೊರಿಯಾಗಳ ಸಂಪರ್ಕ ಕಚೇರಿಯನ್ನೇ ಉತ್ತರ ಕೊರಿಯಾ ಸ್ಫೋಟಿಸಿತು. ದಕ್ಷಿಣದ ರಾಜಧಾನಿ ಸೋಲ್‌ನಲ್ಲಿ ಪ್ರಗತಿಪರರು ಬಂದರೆ ಮಾತುಕತೆ, ಸಂಪ್ರದಾಯವಾದಿಗಳು ಬಂದರೆ ಜಟಾಪಟಿ. ಇಷ್ಟೇ ಅಲ್ವಾ?

ಗಡಿಕಲ್ಲು:
ಅಲ್ಲ ಸರ್. ಕಚೇರಿ ಉರುಳಿದ ಜೂನ್ 16ರಂದು ಸೋಲ್‌ನಲ್ಲಿ ಅಧಿಕಾರದಲ್ಲಿದ್ದದ್ದು ಕೈಕುಲುಕಿದ್ದ ಮೂನ್ ಜೇ-ಇನ್ ಅವರೇ. 2019ರ ಫೆಬ್ರವರಿಯಲ್ಲಿ ಹನೋಯಿಯಲ್ಲಿ ಟ್ರಂಪ್–ಕಿಮ್ ಮಾತುಕತೆ ಮುರಿದಾಗಲೇ ಗಾಳಿ ತಿರುಗಿತ್ತು. ಉತ್ತರಕ್ಕೆ ಬೇಕಿದ್ದದ್ದು ಆರ್ಥಿಕ ನಿರ್ಬಂಧಗಳ ಸಡಿಲಿಕೆ, ಅದು ಸೋಲ್ ಕೈಲಿ ಇರಲೇ ಇಲ್ಲ. ದಕ್ಷಿಣದಿಂದ ಗಡಿಯಾಚೆ ಹಾರಿಬಿಟ್ಟ ಕರಪತ್ರದ ಬಲೂನುಗಳು ನೆಪವಾದವು.

ಮಳೆಬಿಲ್ಲು:
ಇಬ್ಬರೂ ನಾಯಕರನ್ನೇ ನೋಡ್ತಿದ್ದೀರಿ. 2018ರ ಸೆಪ್ಟೆಂಬರ್ 19ರಂದು ಎರಡೂ ಕೊರಿಯಾ ಮಾಡಿಕೊಂಡ ಸೇನಾ ಒಪ್ಪಂದ ನೋಡಿ. ಗಡಿರೇಖೆಯಿಂದ 5 ಕಿ.ಮೀ. ಒಳಗೆ ಫಿರಂಗಿ ಅಭ್ಯಾಸ ಮಾಡುವಂತಿರಲಿಲ್ಲ. ಯುದ್ಧವಿಮಾನಗಳು ಪೂರ್ವದಲ್ಲಿ 40, ಪಶ್ಚಿಮದಲ್ಲಿ 20 ಕಿ.ಮೀ. ದೂರವಿರಬೇಕಿತ್ತು. ಇವೆಲ್ಲಕ್ಕಿಂತ ದೊಡ್ಡದು, ನೆಲಕ್ಕೂ ಸಮುದ್ರಕ್ಕೂ ಇಟ್ಟ ಐದು ಹಂತ: ಎರಡು ಸಲ ಕೂಗಿ ಎಚ್ಚರಿಕೆ, ಎರಡು ಸಲ ಎಚ್ಚರಿಕೆಯ ಗುಂಡು, ಆಮೇಲಷ್ಟೇ ಸೇನಾ ಕ್ರಮ. ಮಂಜಿನಲ್ಲಿ ದಾರಿ ತಪ್ಪಿದ ದೋಣಿಗೂ ಹಿಂದೆ ತಿರುಗಲು ಹೊತ್ತು ಸಿಗುತ್ತಿತ್ತು.

ಗಡಿಕಲ್ಲು:
ಕಾಗದದ ಮೇಲೆ ಸರಿ. 2020ರ ಮೇ 3ರಂದು ಉತ್ತರದ ಗುಂಡು ದಕ್ಷಿಣದ ಕಾವಲುಠಾಣೆಗೆ ತಗುಲಿತು, ದಕ್ಷಿಣದವರು 30 ಗುಂಡು ಹಾರಿಸಿದರು. 1953ರ ಕದನವಿರಾಮ ಮುರಿದದ್ದು ಇಬ್ಬರೂ ಅಂತ ಅದರ ಉಸ್ತುವಾರಿ ನೋಡುವ, ಅಮೆರಿಕ ನೇತೃತ್ವದ ವಿಶ್ವಸಂಸ್ಥೆ ಕಮಾಂಡ್ ತನಿಖೆಯೇ ಹೇಳಿತು.

ಮಳೆಬಿಲ್ಲು:
ನಿಜ, ಆದರೆ ಅಲ್ಲಿಗೇ ನಿಂತಿತಲ್ಲ! 2010ರ ನವೆಂಬರ್‌ನಲ್ಲಿ ಇಂಥ ಹಂತಗಳೇ ಇರಲಿಲ್ಲ. ದಕ್ಷಿಣದ ಯೋನ್‌ಪ್ಯೊಂಗ್ ದ್ವೀಪದ ಮೇಲೆ ಉತ್ತರದ ಶೆಲ್ ಬಿದ್ದು ಇಬ್ಬರು ಯೋಧರು, ಇಬ್ಬರು ನಾಗರಿಕರು ಸತ್ತರು.

ನಕ್ಷೆಗಾರ:
ಸರಿ, ನನ್ನ ಲೆಕ್ಕ ತೀರಾ ಸರಳವಾಯ್ತು. ಆ ಒಪ್ಪಂದ ಈಗ ಉಳಿದಿದೆಯಾ?

ಮಳೆಬಿಲ್ಲು:
ಇಲ್ಲ. 2023ರ ನವೆಂಬರ್‌ನಲ್ಲಿ ಉತ್ತರ ಬೇಹು ಉಪಗ್ರಹ ಹಾರಿಸಿತು. ಮರುದಿನ ದಕ್ಷಿಣವು ಹಾರಾಟ ನಿಷೇಧದ ಷರತ್ತು ಅಮಾನತುಗೊಳಿಸಿತು, ಅದರ ಮರುದಿನ ಉತ್ತರ ಇಡೀ ಒಪ್ಪಂದವನ್ನೇ ಕೈಬಿಟ್ಟಿತು. 2024ರ ಜೂನ್‌ನಲ್ಲಿ ದಕ್ಷಿಣವೂ ಪೂರ್ತಿ ಅಮಾನತು ಮಾಡಿತು. ಬೆಳಿಗ್ಗೆ 9ಕ್ಕೆ, ಸಂಜೆ 5ಕ್ಕೆ ಮಾಡುತ್ತಿದ್ದ ಸಂಪರ್ಕ ಕರೆಯನ್ನು ಉತ್ತರ 2023ರ ಏಪ್ರಿಲ್‌ನಲ್ಲೇ ಎತ್ತುವುದು ಬಿಟ್ಟಿತ್ತು. ಮೊದಲು ಸರಿಯಾಗಬೇಕಾದದ್ದು ಆ ಲೈನೇ.

ಗಡಿಕಲ್ಲು:
ಲೈನ್ ಜೊತೆಗೆ ಸೇನಾ ಅಭ್ಯಾಸದ ದಿನಾಂಕಗಳ ಬಗ್ಗೆಯೂ ಮೊದಲೇ ಮಾತಾಗಬೇಕು. ಹಿಂದೆ ಒಮ್ಮೆ ಕಡಿದುಹೋಗಿದ್ದ ಲೈನನ್ನು 2021ರ ಜುಲೈ 27ರಂದು ಮತ್ತೆ ಜೋಡಿಸಿದ್ದರು. ಆಗಸ್ಟ್ 10ರಂದು ದಕ್ಷಿಣ ಕೊರಿಯಾ–ಅಮೆರಿಕ ಜಂಟಿ ಅಭ್ಯಾಸದ ಪೂರ್ವತಯಾರಿ ಶುರುವಾಯಿತು, ಅದೇ ಸಂಜೆ ಉತ್ತರ ಫೋನ್ ಎತ್ತಲಿಲ್ಲ.