ಔಷಧಿ ಬಿದ್ದಾಗ ಮಲೇರಿಯಾ ಪರಾವಲಂಬಿ ಪ್ರೋಟೀನ್ ತಯಾರಿಕೆ ಯಾಕೆ ಇಳಿಸುತ್ತದೆ?

ಪ್ರಶ್ನೆ:
ಎಂ.ಎಸ್ಸಿ. ಸೆಮಿನಾರ್‌ಗೆ ಮಲೇರಿಯಾ ತಗೊಂಡಿದ್ದೇನೆ. ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧಿ ಕೊಟ್ಟಾಗ ಕೆಲವು ಪ್ಲಾಸ್ಮೋಡಿಯಂ (ಮಲೇರಿಯಾ ಪರಾವಲಂಬಿ) ಸಾಯದೆ ಮಲಗಿಬಿಡುತ್ತವಂತೆ, ಆಮೇಲೆ ಏಳುತ್ತವಂತೆ. ಪ್ರೋಟೀನ್ ಮಾಡದಿದ್ದರೆ ಸಾಯಬೇಕು, ಅಲ್ವಾ?

ಉತ್ತರ 1:
ಪೂರ್ತಿ ನಿಲ್ಲೋದಿಲ್ಲ, ತುಂಬಾ ಇಳಿಯುತ್ತದೆ. ಆರ್ಟೆಮಿಸಿನಿನ್ ಪರಾವಲಂಬಿಯ ಪ್ರೋಟೀನ್‌ಗಳನ್ನು ಕಂಡಕಂಡಲ್ಲಿ ಕೆಡಿಸುತ್ತದೆ. ಆಗ ಪಿಕೆ4 ಎಂಬ ಕಿಣ್ವ ಎಚ್ಚೆತ್ತು ಇಐಎಫ್2 ಎಂಬ ಪ್ರೋಟೀನ್‌ನ ಆಲ್ಫಾ ಭಾಗಕ್ಕೆ (ಇಐಎಫ್2-ಆಲ್ಫಾ) ಒಂದು ಫಾಸ್ಫೇಟ್ ಅಂಟಿಸುತ್ತದೆ. ಪ್ರೋಟೀನ್ ಕಟ್ಟುವ ರೈಬೋಸೋಮ್‌ಗೆ ಮೊದಲ ಅಮೈನೋ ಆಮ್ಲವಾದ ಮೆಥಿಯೋನಿನ್ ತಂದುಕೊಡುವುದು ಇದೇ ಇಐಎಫ್2. ಫಾಸ್ಫೇಟ್ ಅಂಟಿದ ಮೇಲೆ ಅದು ತನ್ನ ಕೆಲಸಕ್ಕೆ ಬೇಕಾದ ಜಿಟಿಪಿ ಎಂಬ ಶಕ್ತಿಯ ಅಣುವನ್ನು ಮತ್ತೆ ತುಂಬಿಕೊಳ್ಳಲು ಒದ್ದಾಡುತ್ತದೆ. ಹೊಸ ಪ್ರೋಟೀನ್‌ಗಳು ಶುರುವಾಗೋದೇ ಕಡಿಮೆ. ಕೆಟ್ಟದ್ದರ ಮೇಲೆ ಇನ್ನಷ್ಟು ಪೇರಿಸುವುದಕ್ಕಿಂತ ಸುಮ್ನೆ ಇರೋದು ವಾಸಿ! 2017ರಲ್ಲಿ ಪ್ರಕಟವಾದ ಇಲಿ ಪ್ರಯೋಗದಲ್ಲಿ ಪಿಕೆ4 ತಡೆದಾಗ ಚಿಕಿತ್ಸೆಯ ನಂತರ ಸೋಂಕು ಮರುಕಳಿಸಲಿಲ್ಲ. ಸೆಮಿನಾರ್‌ನಲ್ಲಿ ಅದನ್ನೇ ಜಾಸ್ತಿ ಹೇಳಿ.

ಉತ್ತರ 2:
ಸೊಳ್ಳೆಯನ್ನೂ ಮರೀಬೇಡಿ. ಅದರ ಜೊಲ್ಲುಗ್ರಂಥಿಯಲ್ಲಿ ಕಾಯುವ ಸ್ಪೋರೋಝೋಯಿಟ್‌ಗಳಲ್ಲೂ (ಮನುಷ್ಯರಿಗೆ ಸೋಂಕು ತರುವ ಪರಾವಲಂಬಿಯ ಹಂತ) ಇದೇ ಬೀಗ. ಅಲ್ಲಿ ಕಿಣ್ವ ಮಾತ್ರ ಬೇರೆ, ಐಕೆ2. ಯಕೃತ್ತಿಗೆ ಬಂದ ಮೇಲೆ ಫಾಸ್ಫೇಟ್ ಕಳಚುತ್ತದೆ.

ಪ್ರಶ್ನೆ ಕೇಳಿದವರು:
ಓ, ಹಾಗಾದರೆ ಒತ್ತಡಕ್ಕೆ ಮಾತ್ರ ಅಲ್ಲ! ನಿದ್ರಾರೋಗ ತರುವ ಪರಾವಲಂಬಿ ಟ್ರಿಪನೋಸೋಮಾದಲ್ಲೂ ಹೀಗೇನಾ?

ಉತ್ತರ 1:
ಅದರ ಕಥೆ ಇನ್ನೂ ಮಜಾ. ಅದರಲ್ಲಿ ಹತ್ತಾರು ಜೀನ್‌ಗಳು ಒಂದೇ ಸಾಲಾಗಿ ನಕಲಾಗುತ್ತವೆ. ಒಂದೊಂದು ಜೀನ್‌ಗೂ ಬೇರೆ ಸ್ವಿಚ್ ಇಲ್ಲ. ಹಾಗಾಗಿ ಯಾವ ಎಂಆರ್‌ಎನ್‌ಎ (ಜೀನ್‌ನ ನಕಲು) ಉಳಿಯಬೇಕು, ಯಾವುದರಿಂದ ಪ್ರೋಟೀನ್ ಆಗಬೇಕು ಅನ್ನುವಲ್ಲೇ ಹೆಚ್ಚಿನ ಹಿಡಿತ. ಬಿಸಿ ತಟ್ಟಿದರೆ ಒಟ್ಟು ತಯಾರಿಕೆ ಕುಸಿಯುತ್ತದೆ, ಬಿಸಿಯಿಂದ ಕೋಶವನ್ನು ಕಾಯುವ ಹೀಟ್ ಶಾಕ್ ಪ್ರೋಟೀನ್‌ಗಳು ಮಾತ್ರ ಬರುತ್ತಲೇ ಇರುತ್ತವೆ.